ಕಂಬಳಿ ನೇಯುವವಳ ಅಕ್ಕ

ಚಪಾತಿಯ ಮೊದಲ ತುತ್ತು ಬಾಯಿಗಿಟ್ಟ ಶಿವಣ್ಣ ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿದ. ಹಲ್ಲಿನ ನಡುವೆ ಕರಕರ ಎಂದಿತ್ತು. ಹಿತ್ತಲಿಗೆ ಹೋಗಿ ಉಗಿದು ಬಂದು, ತಟ್ಟೆಯನ್ನು ಹೆಂಡತಿಯ ಕಡೆ ತಳ್ಳಿದ.

"ಏನೇ ಇದು, ಮರಳಲ್ಲಿ ಲಟ್ಟಿಸಿದ್ಯಾ?"

"ನಾನೆಲ್ಲಿ ಲಟ್ಟಿಸ್ದೆ? ಅತ್ತೆ ಲಟ್ಟಿಸಿದ್ದು, ನಾನು ಬೇಯಿಸಿದ್ದು," ಎಂದು ಜಡೆ ಹೆಣೆಯುತ್ತಲೇ ಬಂದ ರಮಾದೇವಿ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಜಡೆ ಅಲ್ಲಿಗೇ ನಿಂತಿತು. ಅಡುಗೆಮನೆಗೆ ಹೋಗಿ ನೋಡಿದರೆ ಹಿಟ್ಟಿನ ಡಬ್ಬ ಗೂಡಿನಲ್ಲೇ ಇತ್ತು. ಲಟ್ಟಣಿಗೆಯ ಪಕ್ಕದಲ್ಲಿ, ಮುಚ್ಚಳ ತೆಗೆದು, ರಂಗೋಲಿ ಪುಡಿಯ ಡಬ್ಬ ಕೂತಿತ್ತು. ಹದಿನಾಲ್ಕು ಚಪಾತಿಗೂ ಅದನ್ನೇ ಉದುರಿಸಿ ಲಟ್ಟಿಸಲಾಗಿತ್ತು.

"ಎರಡೂ ಬೆಳ್ಳಗೇ ಅವೆ," ಎಂದರು ವರಲಕ್ಷ್ಮಮ್ಮ, ಬಾಗಿಲ ಬಳಿ ಕೂತಲ್ಲಿಂದಲೇ. "ಎರಡೂ ಒಂದೇ ಥರದ ಡಬ್ಬ. ಇಟ್ಟೋರ್ದೂ ತಪ್ಪೈತೆ."

"ಅವ್ವ, ಈ ಭಾನುವಾರ ಕಣ್ಣಾಸ್ಪತ್ರೆ ವ್ಯಾನ್ ಹತ್ತು," ಎಂದ ಶಿವಣ್ಣ. "ಎಡಗಣ್ಣಿನ ಪೊರೆ ಆಪರೇಷನ್ನು ಈ ತಿಂಗಳು ದಾಟಬಾರ್ದು ಅಂತ ಡಾಕ್ಟ್ರು ಹೇಳವ್ರೆ. ಎರಡು ಕ್ಯಾಂಪು ಆಗ್ಲೇ ಹೋಯ್ತು. ಒಂದ್ಸಲ ಜ್ವರ ಅಂದೆ, ಇನ್ನೊಂದ್ಸಲ ಅಮಾವಾಸ್ಯೆ ಅಂದೆ."

"ಬತ್ತೀನಿ ಕಣ್ಲಾ. ಆ ಮದುವೆ ಒಂದು ಆಗೋಗ್ಲಿ."

"ಯಾರ ಮದುವೆ?" ಶಿವಣ್ಣ ಗಾಬರಿಯಿಂದ ಗೋಡೆಯ ಕ್ಯಾಲೆಂಡರ್ ನೋಡಿದ. ಯಾವುದೋ ಲಗ್ನಪತ್ರಿಕೆ ಮರೆತೆನೇನೋ ಎಂಬ ಭಯ.

"ಆ ಕಂಬಳಿ ನೇಯೋ ಹುಡುಗೀದು."

"ಯಾವ ಕಂಬಳಿ? ಯಾರ ಪೈಕಿ?"

ಒಳಗಿನ ಕೋಣೆಯಿಂದ ಕೋಮಲಾ ಕಿಸಕ್ಕನೆ ನಕ್ಕಳು. "ಅಪ್ಪಾ, ಅವ್ಳು ನಮ್ಮೋಳಲ್ಲ. ನಾನು ಅಜ್ಜಿಗೆ ಹೇಳ್ತಿರೋ ನಾವೆಲ್ಲಿನ ಹುಡುಗಿ."

ಹೊರಗೆ ಗುಲಾಬಿ ಹೂವಿನ ಶೆಡ್ಡಿನ ಕೆಲಸದ ವ್ಯಾನು ಎರಡು ಸಲ ಹಾರನ್ ಹೊಡೆಯಿತು. ರಮಾದೇವಿ ಡಬ್ಬಿಗೆ ಎರಡು ಬಾಳೆಹಣ್ಣು ತುರುಕಿ, ಅರ್ಧ ಹೆಣೆದ ಜಡೆಯಲ್ಲೇ ಓಡಿದಳು.

ಆ ಮನೆಯ ಮೂವರು ಹೆಂಗಸರು ಮೂರು ಬೇರೆ ಬೇರೆ ಲಿಪಿಯವರು. ವರಲಕ್ಷ್ಮಮ್ಮ ಆನೇಕಲ್ ಕಡೆಯಿಂದ ಗಡಿ ದಾಟಿ ತಮಿಳು ಸೀಮೆಯ ಉದ್ದನಪಲ್ಲಿಗೆ ಸೊಸೆಯಾಗಿ ಬಂದವರು, ಏಳನೇ ತರಗತಿವರೆಗೆ ಕನ್ನಡ ಓದಿದವರು. ಕಣ್ಣು ನೆಟ್ಟಗಿದ್ದ ಕಾಲದಲ್ಲಿ ಕೈಗೆ ಸಿಕ್ಕ ಕಾದಂಬರಿಯನ್ನೆಲ್ಲ ಓದಿ ಮುಗಿಸಿದ್ದರು. ರಮಾದೇವಿ ರಾಯಕೋಟೆಯವಳು, ಮನೆಮಾತು ಕನ್ನಡ, ಕಲಿತದ್ದು ತಮಿಳು ಶಾಲೆಯಲ್ಲಿ. ಕನ್ನಡದ ಅಕ್ಷರ ಅವಳಿಗೆ ಗಡಿಯಾಚೆಯ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ. ಮಗಳು ಕೋಮಲಾ ಇಂಗ್ಲಿಷ್ ಶಾಲೆಯವಳು. ಹಾಗಾಗಿ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಉಪಯೋಗವಿಲ್ಲ. ಏನಿದ್ದರೂ ಬಾಯಲ್ಲೇ ಹೇಳಬೇಕು.

ಕೋಮಲಾ ಡಿಗ್ರಿ ಮುಗಿಸಿ ಹೊಸೂರಿನ ಫ್ಯಾಕ್ಟರಿಯೊಂದರ ಕರೆಗೆ ಕಾಯುತ್ತಿದ್ದಳು. ಕಾಯುವ ಹೊತ್ತಿಗೆಲ್ಲ ಫೋನಿನಲ್ಲಿ ಕಾದಂಬರಿ. ಮಾಯಾಲೋಕದ ರಾಜರು, ಪ್ರೇಮಿಗಳು. ಓದಿ ಮುಗಿಸಿದ ಪ್ರತಿಯೊಂದಕ್ಕೂ ಐದಕ್ಕೆ ಇಷ್ಟು ಅಂತ ಅಂಕ ಹಾಕಿಡುತ್ತಿದ್ದಳು. ಸಂಜೆ ಅಜ್ಜಿ ನೆನೆಸಿದ ಅವರೆಕಾಳು ಹಿತಕಲು ಕೂತರೆ—ಆ ಕೆಲಸಕ್ಕೆ ಕಣ್ಣು ಬೇಡ, ಬೆರಳಿದ್ದರೆ ಸಾಕು—ಮೊಮ್ಮಗಳು ಎದುರು ಕೂತು ಕಥೆ ಬಿಚ್ಚುತ್ತಿದ್ದಳು.

"ಮುನ್ನೂರು ವರ್ಷದಿಂದ ಆ ರಾಜನಿಗೆ ನಿದ್ದೆ ಇಲ್ಲ ಅಜ್ಜಿ. ಶಾಪ. ಈ ಹುಡುಗಿ ನೇಯೋ ಕಂಬಳಿ ಹೊದ್ದುಕೊಂಡ್ರೆ ಮಾತ್ರ ಬರೋದು. ಅದಕ್ಕೆ ಹೊತ್ಕೊಂಡ್ ಹೋಗಿ ಬೆಟ್ಟದ ಮೇಲಿನ ಕೋಟೇಲಿ ಇಟ್ಟವ್ನೆ."

"ಮುನ್ನೂರು ವರ್ಷ ಎಚ್ಚರ ಇದ್ದು ಏನ್ ಮಾಡ್ದ?"

"ಯುದ್ಧ ಮಾಡ್ದ. ಕಿಟಕೀಲಿ ನಿಂತು ಚಂದ್ರನ್ನ ನೋಡ್ದ."

"ಒಂದಿನಾನೂ ಒಂದು ಲೋಟ ತೊಳೀಲಿಲ್ವಾ? ಅಂಥೋನ್ನ ಕಟ್ಕೊಂಡು ಇವ್ಳು ಏನ್ ಸುಖ ಪಡ್ತಾಳೆ?"

"ಅವ್ನು ತುಂಬ ಚೆನ್ನಾಗವ್ನೆ ಅಜ್ಜಿ ನೋಡೋಕೆ."

"ನಿಮ್ ತಾತಾನೂ ಚೆನ್ನಾಗೇ ಇದ್ದ."

ಒಳಗೆ ಮುದ್ದೆ ತಿರುವುತ್ತಿದ್ದ ರಮಾದೇವಿ ಒಲೆಗೆ ಹೇಳಿದಳು: "ನಮ್ ಶೆಡ್ಡಿಗೆ ಕಳ್ಸು ಅವನ್ನ. ಎರಡು ಶಿಫ್ಟು ಗುಲಾಬಿ ಕಟ್ಟಿದ್ರೆ ನಿಂತಲ್ಲೇ ಗೊರಕೆ ಹೊಡೀತಾನೆ." ಕುಕ್ಕರ್ ಕೂಗಿ ಆ ಮಾತು ಯಾರಿಗೂ ಕೇಳಿಸಲಿಲ್ಲ.

ಜನವರಿಯೆಂದರೆ ಗುಲಾಬಿ ಶೆಡ್ಡಿನಲ್ಲಿ ಉಸಿರಾಡಲು ಬಿಡುವಿಲ್ಲ. ಫೆಬ್ರವರಿ ಹದಿನಾಲ್ಕಕ್ಕೆ ಯಾವ್ಯಾವುದೋ ದೇಶದ ಪ್ರೇಮಿಗಳಿಗೆ ಹೊಸೂರು ಕಡೆಯ ತಳಿ ರಸ್ತೆಯ ತೋಟಗಳ ಕೆಂಪು ಗುಲಾಬಿ ಹೋಗಬೇಕು. ಕಾಂಡದ ಉದ್ದ ಅಳೆದು, ಇಪ್ಪತ್ತಿಪ್ಪತ್ತು ಜೋಡಿಸಿ, ರಟ್ಟು ಸುತ್ತಿ, ತಂಪುಕೋಣೆಗೆ ಕಳಿಸುವುದು ರಮಾದೇವಿಯ ಕೆಲಸ. ಮನೆಗೆ ಬಂದು ಹುಳಿ ಕಿವುಚಿದರೆ ಹೆಬ್ಬೆರಳ ಮುಳ್ಳುಗಾಯಗಳು ಚುರುಚುರು ಎನ್ನುತ್ತಿದ್ದವು.

ಸುಗ್ಗಿ ಹಬ್ಬದ ಮಾರನೇ ಸಂಜೆ ಕೋಮಲಾ ಕಂಬಳಿಯ ಕಥೆಗೆ ಒಂದು ದಿನ ರಜೆ ಕೊಟ್ಟು, ಹಿಂದಿನ ವಾರ ಓದಿದ ಬೇರೊಂದು ಪ್ರೇಮಕಥೆ ಹೇಳಿದಳು. ದೊಡ್ಡ ಕಂಪನಿಯ ಮಾಲೀಕ, ಆರು ತಿಂಗಳಿಗೆ ಹೆಂಡತಿಯ ಹಾಗೆ ನಟಿಸಲು ಕೆಲಸದ ಹುಡುಗಿಯೊಬ್ಬಳನ್ನು ನೇಮಿಸಿಕೊಳ್ಳುತ್ತಾನೆ. ಹೋಟೆಲಿಗೆ ಹೋದರೆ ಒಂದೇ ಕೋಣೆ, ಒಂದೇ ಮಂಚ.

"ಅಷ್ಟು ದೊಡ್ಡ ಹೋಟ್ಲಲ್ಲಿ ಒಂದು ಚಾಪೆ ಕೊಡಾಕಿಲ್ವಾ?" ಎಂದರು ಅಜ್ಜಿ.

ಟೆಂಪೊ ತೊಳೆಯುತ್ತಿದ್ದ ಶಿವಣ್ಣನೂ ನಕ್ಕುಬಿಟ್ಟ. "ಕೇಳಿದ್ರೆ ಕೊಡ್ದೆ ಇರ್ತಾರಾ ಅವ್ವ? ಬೇಕು ಅಂತಾನೇ ಕೇಳಿರಲ್ಲ."

"ಅದಕ್ಕೇ ನಾನು ಐದಕ್ಕೆ ಎರಡೇ ಕೊಟ್ಟಿದ್ದು," ಎಂದಳು ಕೋಮಲಾ. "ಎಲ್ಲಾ ಪುಸ್ತಕದಲ್ಲೂ ಅದೇ ಮಂಚ. ಹುಡುಗಿ ಮೊದಲು ಒಳ್ಳೆ ಜೋರು, ಮದುವೆ ಹೊತ್ತಿಗೆ ಬಾಯೇ ಇಲ್ಲ. ಕಂಬಳೀದೇ ವಾಸಿ, ಅದಕ್ಕೆ ನಾಲ್ಕು. ಆದ್ರೆ ಅದ್ರಲ್ಲೂ ಎರಡನೇ ಭಾಗ ಎಳೆದವ್ರೆ. ನೂರು ಪುಟ ಬರೀ ಕುದುರೆ ಓಡೋದೇ."

"ಎಳೆದವ್ರೆ ಅಂತೀಯ, ಬೇಕಾದ್ದನ್ನ ಮಾತ್ರ ನುಂಗ್ತೀಯ. ಮೊನ್ನೆ ಇಬ್ರೂ ಮಳೇಲಿ ಗುಹೆ ಒಳಕ್ಕೆ ಹೋದ್ರು ಅಂದೆ, ತಕ್ಷಣ ಬೆಳಗಾಯ್ತು ಅಂದೆ. ರಾತ್ರಿ ಎಲ್ಲೋಯ್ತು?"

"ಏನೂ ಇಲ್ಲಜ್ಜಿ. ಅವನಿಗೆ ನಿದ್ದೆ ಬರಲ್ವಲ್ಲ, ಎಚ್ಚರವಾಗಿದ್ದ."

"ಅದನ್ನೇ ಕೇಳ್ತಿರೋದು ನಾನು!"

ಎಲ್ಲರೂ ನಗುವಾಗ ರಮಾದೇವಿ ಮಾತ್ರ ಅಕ್ಕಿಯ ಮೊರ ಹಿಡಿದು ಬಲ್ಬಿನ ಕೆಳಗೆ ಕೂತು ಕಲ್ಲು ಆರಿಸುತ್ತಿದ್ದಳು. ಅದು ಮೊದಲು ಅತ್ತೆ ಮಾಡುತ್ತಿದ್ದ ಕೆಲಸ. ಸೊಪ್ಪು ಸೋಸುವುದೂ, ಹಾಲು ಕಾಯಿಸುವುದೂ ಅತ್ತೆಯದೇ ಇತ್ತು. ಒಂದೊಂದಾಗಿ ಎಲ್ಲ ಅವಳ ಕೈಗೆ ಬಂದಿದ್ದವು.

"ಭಾನುವಾರ ಏಳೂವರೆಗೆ ವ್ಯಾನು," ಎಂದಳು ಮೊರ ಕುಟ್ಟುತ್ತ. "ನಾನು ರಜೆ ಹೇಳಿದೀನಿ. ಈ ಸೀಸನ್ನಲ್ಲಿ ರಜೆ ಕೇಳಿದ್ರೆ ಸೂಪರ್‌ವೈಸರ್ ಹೆಂಗೆ ನೋಡ್ತಾನೆ ಗೊತ್ತಾ?"

"ಆಯ್ತು," ಎಂದರು ಅತ್ತೆ.

ಭಾನುವಾರ ಬೆಳಗ್ಗೆ ಸ್ಕೂಲಿನ ಮೈದಾನಕ್ಕೆ ವ್ಯಾನು ಬಂತು. ವರಲಕ್ಷ್ಮಮ್ಮ ಮನೆಯಲ್ಲಿಲ್ಲ. ದೇವಸ್ಥಾನ, ಬಾವಿಕಟ್ಟೆ, ಹಿತ್ತಲು ಎಲ್ಲೂ ಇಲ್ಲ. ವ್ಯಾನು ಹೋಗಿ ಅರ್ಧ ಗಂಟೆಯಾದ ಮೇಲೆ ಎದುರು ಮನೆಯ ಕೊಂಡಮ್ಮನ ದನದ ಕೊಟ್ಟಿಗೆಯಿಂದ ಸೆರಗು ಕೊಡವಿಕೊಂಡು ಬಂದರು. ಹಿಂದೆ ಕೊಂಡಮ್ಮ, ಅಪರಾಧಿಯಂತೆ.

"ನೇನೇಂ ಚೇಸೇದಿ ರಮಾ, ವದ್ದಂಟೇ ವಿನದು," ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ತಿರುಗಿದಳು ಕೊಂಡಮ್ಮ. "ನಾನೇನ್ ಮಾಡ್ಲಿ? ನಂಗೂ ಆಗೈತೆ ಆಪರೇಸನ್ನು, ಇರುವೆ ಕಡಿದಂಗೂ ಆಗಲ್ಲ ಅಂದೆ. ಕೇಳ್ಬೇಕಲ್ಲ."

"ಒಂದು ದಿನದ ಕೆಲಸ ಬಿಟ್ಟು ಕೂತಿದೀನಿ ನಾನು!" ರಮಾದೇವಿಯ ದನಿ ಬೀದಿಗೆ ಕೇಳಿತು. "ಕಣ್ಣು ಹೋದ್ಮೇಲೆ ಕೈ ಹಿಡ್ಕೊಂಡು ಕಕ್ಕಸಿಗೆ ಕರ್ಕೊಂಡ್ ಹೋಗೋಳೂ ನಾನೇ ತಾನೆ? ಯಾಕೆ ಬರಲ್ಲ ಹೇಳಿ, ಒಂದು ಕಾರಣ ಹೇಳಿ."

"ಅದೇ ಹೇಳಿದ್ನಲ್ಲ. ಕಥೆ ಮುಗೀಲಿ."

"ಎಷ್ಟು ಭಾಗ ಐತೆ ಕೋಮ್ಲ ಅದು?"

"ಮೂರು," ಎಂದಳು ಕೋಮಲಾ ಮೆಲ್ಲಗೆ. "ಎರಡನೇದು ಮುಗೀತಾ ಬಂತು. ಮೂರನೇದು ದಪ್ಪ."

"ಇವತ್ತಿಂದ ಕಥೆ ಬಂದ್. ಇನ್ನು ಹದಿನೈದು ದಿನಕ್ಕೆ ಮತ್ತೆ ವ್ಯಾನು. ಅದನ್ನ ಹತ್ತೋವರ್ಗೂ ಒಂದು ಸಾಲು ಹೇಳ್ಕೂಡ್ದು. ಹೇಳಿದ್ರೆ ಫೋನು ಹಿಟ್ಟಿನ ಡಬ್ಬದಲ್ಲಿರ್ತದೆ."

ಕಥೆ ನಿಂತ ಜಾಗ ಕೆಟ್ಟದಾಗಿತ್ತು. ಕಂಬಳಿಗೆ ಇನ್ನೊಂದು ಗೇಣು ನೇಯಬೇಕು. ರಾಜ ಮಲಗಿದರೆ ಕೋಟೆಯ ಕಾವಲು ತಪ್ಪಿ ಶತ್ರುಗಳು ನುಗ್ಗುತ್ತಾರೆ. ನೇಯಲೋ ಬಿಡಲೋ ಎಂದು ಹುಡುಗಿ ಮಗ್ಗದ ಮುಂದೆ ಕೂತಿದ್ದಾಳೆ. ಅಲ್ಲಿಗೆ ನಿಂತಿತು.

ಆ ವಾರ ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗಲಿಲ್ಲ. ವರಲಕ್ಷ್ಮಮ್ಮ ಅವರೆಕಾಳು ಮುಟ್ಟಲಿಲ್ಲ. ನೆನೆಸಿದ ಕಾಳು ಮೊಳಕೆ ಬಂದು ಹುಳಿವಾಸನೆ ಹೊಡೆಯಿತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದರು. ಕೇಳಿದರೆ "ಹಸಿವಿಲ್ಲ." ಶಿವಣ್ಣ ಮಾರ್ಕೆಟ್ಟಿನಿಂದ ಬಂದವನು ತಾಯಿಯ ಮುಖ, ಹೆಂಡತಿಯ ಮುಖ ನೋಡಿ ಟೆಂಪೊ ತೊಳೆಯಲು ಹೋಗಿಬಿಡುತ್ತಿದ್ದ. ಆ ವಾರ ಟೆಂಪೊ ನಾಲ್ಕು ಸಲ ಸ್ನಾನ ಮಾಡಿತು.

ಗುರುವಾರ ಕೋಮಲಾಗೆ ಫ್ಯಾಕ್ಟರಿಯಿಂದ ಕರೆ ಬಂತು. ಮುಂದಿನ ಬುಧವಾರ ಸೇರಬೇಕು. ಹಾಸ್ಟೆಲ್ಲು ಅಲ್ಲೇ, ಮೊದಲ ಮೂರು ತಿಂಗಳು ಮನೆಗೆ ಬಿಡುವುದು ಕಷ್ಟ. ಒಳಗೆ ಫೋನು ಒಯ್ಯುವಂತಿಲ್ಲ.

"ಒಳ್ಳೇದಾಯ್ತು," ಎಂದರು ಅಜ್ಜಿ. ಆ ವಾರ ಅಲ್ಲಿಯವರೆಗೆ ಅವರು ಆಡಿದ ಅತಿ ಉದ್ದದ ಮಾತು ಅದು.

ಶನಿವಾರ ರಮಾದೇವಿ ಶೆಡ್ಡಿನ ವ್ಯಾನಿನಿಂದ ಇಳಿದು ಬರುವಾಗ ಬಾಗಿಲ ಮುಂದೆ ನಿವೃತ್ತ ಪೋಸ್ಟ್‌ಮಾಸ್ಟರ್ ಶ್ಯಾಮಣ್ಣ ನಿಂತಿದ್ದರು. ಒಂದು ಕೈಯಲ್ಲಿ ವರಲಕ್ಷ್ಮಮ್ಮನ ಮುಂಗೈ, ಇನ್ನೊಂದರಲ್ಲಿ ಕೋಮಲಾಳ ಫೋನು.

"ರಾಯಕೋಟೆ ರೋಡ್ ದಾಟಿ ಒಬ್ರೇ ಬಂದವ್ರೆ ಕಣಮ್ಮ ನಮ್ಮನೇಗೆ," ಎಂದರು. "ಲಾರಿಯೋನು ಬ್ರೇಕ್ ಹಾಕಿದ್ದು ಊರಿಗೆಲ್ಲ ಕೇಳ್ತು. ಒಂದು ಮೊಳ ಅಷ್ಟೆ, ಒಂದು ಮೊಳ."

ರಮಾದೇವಿಯ ಕೈಯಿಂದ ಊಟದ ಡಬ್ಬಿ ಜಾರಿತು.

"ನಿಮ್ಮನೇಗ್ಯಾಕೆ?"

"ನಂಗೆ ಇಂಗ್ಲೀಷ್ ಬತ್ತದೆ ಅಂತ. ಓದಿ ಹೇಳು ಶ್ಯಾಮಣ್ಣ ಅಂದ್ರು. ಎರಡು ಪುಟ ಓದ್ದೆ. ಮೂರನೇದು..." ಶ್ಯಾಮಣ್ಣ ಕೆಮ್ಮಿದರು. "ಮೂರನೇದು ನಾನು ಓದೋ ಅಂಥಾದ್ದಲ್ಲ. ಮಡಗಿಬಿಟ್ಟೆ."

ಅವರು ಹೋದ ಮೇಲೆ ಮನೆಯವರೆಲ್ಲ ನಡುಮನೆಯಲ್ಲಿ ನಿಂತೇ ಇದ್ದರು. ಕೂರಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಸಾಯೋಕೆ ಹೋಗಿದ್ರಾ?" ಎಂದಳು ರಮಾದೇವಿ.

"ಕಣ್ಣು ಬಂದು ನಾನೇನ್ ನೋಡ್ಲಿ?" ವರಲಕ್ಷ್ಮಮ್ಮನ ದನಿ ಏರಿತು. "ಕಾಣಲ್ಲ ಅಂತ ತಾನೆ ಮಗು ಸಂಜೆ ಬಂದು ಎದುರಿಗೆ ಕೂರ್ತದೆ? ಕಣ್ಣು ಕೊಟ್ಬುಟ್ಟು, ತಕೋ ಅತ್ತೆ ಅಕ್ಕಿ ಆರ್ಸು, ತಕೋ ಸೊಪ್ಪು ಸೋಸು ಅಂತ ಮೊರ ಕೊಡ್ತೀಯ. ಮಗಾ ಟೆಂಪೊ ತಾವ, ನೀನು ಒಲೆ ತಾವ. ನನ್ ತಾವ ಯಾರು? ಅದ್ರ ಮೇಲೆ ಈಗ ಇವ್ಳೂ ಹೊಂಟ್ಳು. ಕಥೆ ಅಲ್ಲೇ ಉಳೀತು."

"ಅಜ್ಜಿ, ಭಾನುವಾರ ರಜಾ ಸಿಕ್ಕಿದ್ರೆ ಫೋನ್ ಮಾಡಿ ಹೇಳ್ತೀನಿ," ಎಂದಳು ಕೋಮಲಾ, ಕಣ್ಣು ತುಂಬಿಕೊಂಡು. "ಕೊನೇಗೆ ಅವರಿಬ್ರೂ ಸೇರ್ತಾರೆ ಬಿಡಿ, ಗೊತ್ತಿರೋದೇ."

"ಅವರಿಬ್ರೂ, ಅವರಿಬ್ರೂ!" ರಮಾದೇವಿ ಕೂಗಿಬಿಟ್ಟಳು. "ಮೂರು ವಾರದಿಂದ ಕೇಳ್ತಿದೀನಿ, ರಾಜನ ಕಣ್ಣು ಹಂಗೆ, ಹುಡುಗಿ ಕೂದ್ಲು ಹಿಂಗೆ. ಅವ್ಳಿಗೊಬ್ಳು ಅಕ್ಕ ಇದ್ಲಲ್ಲ? ಮೊದಲ್ನೇ ದಿನ ಹೇಳ್ದೆ ನೀನು. ತಂಗೀನ ಹೊತ್ಕೊಂಡ್ ಹೋದ್ಮೇಲೆ ಕುರೀನೂ ಅವ್ಳೇ ನೋಡ್ಬೇಕು, ಮಗ್ಗಾನೂ ಅವ್ಳೇ, ಹಾಸಿಗೆ ಹಿಡಿದ ತಾಯೀನೂ ಅವ್ಳೇ. ಅವ್ಳ ಸುದ್ದಿ ಆಮೇಲೆ ಒಂದು ಪುಟ ಬಂತಾ? ಉಂಡ್ಳಾ ಬಿಟ್ಲಾ ಅಂತ ಒಬ್ರಾದ್ರೂ ಕೇಳಿದ್ರಾ? ಬರೆದೋಳೂ ಕೇಳ್ಲಿಲ್ಲ, ಓದಿದೋಳೂ ಕೇಳ್ಲಿಲ್ಲ. ನೀನು ಐದಕ್ಕೆ ನಾಲ್ಕು ಕೊಟ್ಟೆ!"

ಶಿವಣ್ಣ ಹೆಂಡತಿಯನ್ನೇ ನೋಡಿದ. ಕೋಮಲಾ ಫೋನಿನ ತೆರೆಯನ್ನು ಬೆರಳಿಂದ ಉಜ್ಜುತ್ತ ನಿಂತಳು.

"ನೀನೂ ಕೇಳ್ತಿದ್ಯಾ?" ಎಂದರು ವರಲಕ್ಷ್ಮಮ್ಮ, ಸೊಸೆಯ ದನಿ ಬಂದ ಕಡೆ ಮುಖ ತಿರುಗಿಸಿ.

ರಮಾದೇವಿ ಬಿದ್ದಿದ್ದ ಡಬ್ಬಿ ಎತ್ತಿಕೊಂಡು ಬಚ್ಚಲಿಗೆ ಹೋದಳು. ಆ ಹೊತ್ತು ಪಾತ್ರೆಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು.

ಬುಧವಾರ ಕೋಮಲಾ ಟ್ರಂಕು, ಬಕೆಟ್ಟು ಹಿಡಿದು ಅಪ್ಪನ ಟೆಂಪೊದಲ್ಲಿ ಹೊಸೂರಿಗೆ ಹೋದಳು. ಹೊರಡುವ ಮೊದಲು ರಂಗೋಲಿ ಡಬ್ಬಕ್ಕೆ ಒಂದು ದಪ್ಪ ರಬ್ಬರ್ ಬ್ಯಾಂಡು ಸುತ್ತಿ, ಅಜ್ಜಿಯ ಬೆರಳನ್ನು ಅದರ ಮೇಲೆ ಆಡಿಸಿದಳು. "ಇದು ನೆಲಕ್ಕೆ ಅಜ್ಜಿ. ಹೊಟ್ಟೆಗಲ್ಲ."

ಶುಕ್ರವಾರ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ರಮಾದೇವಿಯ ಬೆನ್ನಿಗೆ ಅತ್ತೆಯ ದನಿ ಬಿತ್ತು.

"ನಾಡಿದ್ದು ವ್ಯಾನ್ ಎಷ್ಟೊತ್ತಿಗೆ?"

"ಏಳೂವರೆಗೆ."

"ನೀನು ಬತ್ತೀಯಾ, ಶಿವಣ್ಣ ಬತ್ತಾನಾ?"

ಶೆಡ್ಡಿನಲ್ಲಿ ಅದು ಸೀಸನ್ನಿನ ಕೊನೆಯ ದೊಡ್ಡ ಆರ್ಡರಿನ ವಾರ. ಮೂರು ದಿನ ರಜೆ ಎಂದಾಗ ಸೂಪರ್‌ವೈಸರ್ ತಮಿಳಿನಲ್ಲಿ ಉದ್ದಕ್ಕೆ ಬೈದ. ರಮಾದೇವಿ ತಮಿಳಿನಲ್ಲೇ ಚಿಕ್ಕದಾಗಿ ಉತ್ತರ ಕೊಟ್ಟಳು: ಗುಲಾಬಿ ಎರಡು ದಿನ ತಂಪಿನಲ್ಲಿರ್ತದೆ, ನಮ್ಮತ್ತೆ ಕಣ್ಣು ಇರಲ್ಲ.

ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಕ್ಯಾಂಪಿನವರಿಗೆಂದೇ ಉದ್ದನೆಯ ಹಾಲ್ ಇತ್ತು. ಎರಡು ಸಾಲು ಮಂಚ, ಎಲ್ಲರಿಗೂ ಒಂದೇ ಹಸಿರು ಅಂಗಿ. ಸೋಮವಾರ ಬೆಳಗ್ಗೆ ಒಳಗೆ ಕರೆದೊಯ್ದವರು ವರಲಕ್ಷ್ಮಮ್ಮನನ್ನು ಅರ್ಧ ಗಂಟೆಯಲ್ಲಿ ಹೊರಗೆ ತಂದು ಮಲಗಿಸಿದರು. ಎಡಗಣ್ಣಿನ ಮೇಲೆ ಬಿಳಿ ಪಟ್ಟಿ. ಸಂಜೆವರೆಗೆ ಅಲುಗಾಡಬಾರದು, ಬಗ್ಗಬಾರದು. ಅಳಿದುಳಿದ ಬಲಗಣ್ಣನ್ನೂ ಅವರೇ ಮುಚ್ಚಿಕೊಂಡರು.

ರಮಾದೇವಿ ಸ್ಟೂಲಿನ ಮೇಲೆ ಕೂತಳು. ಎದ್ದು ಫ್ಲಾಸ್ಕಿನ ಮುಚ್ಚಳ ಸರಿಮಾಡಿದಳು, ಹೊದಿಕೆ ಎಳೆದಳು, ಮತ್ತೆ ಕೂತಳು. ಮಾಡಲು ಏನೂ ಕೆಲಸವಿಲ್ಲದ ಮಧ್ಯಾಹ್ನವನ್ನು ಅವಳು ಕಂಡೇ ಎಷ್ಟೋ ವರ್ಷವಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಹೇಳು," ಎಂದರು ಅತ್ತೆ.

"ಏನ್ ಹೇಳ್ಲಿ? ಆ ಪುಸ್ತಕ ಓದೋಕೆ ನಂಗೆ ಬರಲ್ಲ."

"ಪುಸ್ತಕದಲ್ಲಿ ಇಲ್ಲ ಅಂತ ನೀನೇ ಅಂದ್ಯಲ್ಲ. ಆ ಅಕ್ಕನ್ದು ಹೇಳು."

ಪಕ್ಕದ ಮಂಚದಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಲಕ್ಷ್ಮೀದೇವಮ್ಮ ಎನ್ನುವವರು ಈ ಕಡೆ ಕಿವಿ ತಿರುಗಿಸಿದರು. ಉಳಿದವರೆಲ್ಲ ತಮಿಳಿನಲ್ಲಿ ಗುಸುಗುಸು ಎನ್ನುತ್ತಿದ್ದರು. ರಮಾದೇವಿ ಗಂಟಲು ಸರಿಮಾಡಿಕೊಂಡಳು.

"ಬೆಳಗ್ಗೆ ನಾಲ್ಕೂವರೆಗೆ ಎದ್ಲು," ಎಂದಳು. "ಬಾಗ್ಲಿಗೆ ನೀರು ಹಾಕಿದ್ಲು. ಒಲೆ ಹಚ್ಚಿ ತಾಯಿಗೆ ಗಂಜಿ ಇಟ್ಲು. ಕುರಿ ಬಿಟ್ಲು. ಮಗ್ಗದಲ್ಲಿ ತಂಗಿ ಅರ್ಧಕ್ಕೆ ಬಿಟ್ಟೋಗಿದ್ದ ಬಟ್ಟೆ ಇತ್ತು, ಅದಕ್ಕೆ ಕೂತ್ಲು. ಬೆರಳೆಲ್ಲ ಗಾಯ. ಮಧ್ಯಾಹ್ನ ಮುದ್ದೆ ತಿರುವಿದ್ಲು. ತಾಯಿ ಉಪ್ಪು ಸಾಲ್ದು ಅಂದ್ಳು. ಸಂಜೆ ಕುರಿ ಎಣಿಸಿದ್ಲು, ಒಂದು ಕಮ್ಮಿ ಇತ್ತು. ಹುಡ್ಕಿ ತಂದ್ಲು. ಮಾರ್ನೇ ದಿನ ನಾಲ್ಕೂವರೆಗೆ ಎದ್ಲು. ಬಾಗ್ಲಿಗೆ ನೀರು ಹಾಕಿದ್ಲು..."

"ಏ, ಸಾಕು ಕಣಮ್ಮಿ," ಎಂದರು ವರಲಕ್ಷ್ಮಮ್ಮ ಕಣ್ಣು ತೆರೆಯದೆ. "ಇದು ನಿನ್ ಮಗಳು ಹೇಳಿದ ಕುದುರೆಗಿಂತ ಎಳೀತೈತೆ. ಕುರಿ ಬಿಟ್ಟಿದ್ದು ಸಾಕು. ಅವ್ಳನ್ನ ಒಂದ್ಸಲ ಆ ಮನೆಯಿಂದ ಆಚೆ ಕರ್ಕೊಂಡ್ ಹೋಗು."

"ಎಲ್ಲಿಗೆ?"

"ನಂಗೇನ್ ಗೊತ್ತು? ಕಥೆ ನಿಂದು."

"ತಾಯೀನ ಯಾರು ನೋಡ್ಕೊಳ್ತಾರೆ?"

"ತಾಯಿಗೆ ಕಣ್ಣು ಬಂತು ಅಂತ ಇಟ್ಕೋ," ಎಂದರು ಅತ್ತೆ. "ಗಂಜಿ ತಾನೇ ಕಾಯಿಸ್ಕೊಳ್ತಾಳೆ."

"ಔದಮ್ಮ, ಕಳ್ಸು ಅವ್ಳನ್ನ," ಎಂದರು ಪಕ್ಕದ ಮಂಚದವರು.

ರಮಾದೇವಿ ಯೋಚಿಸಿದಳು. ಎಲ್ಲಿಗೆ ಕಳಿಸುವುದು? ಬೆಟ್ಟಕ್ಕೆ ಬೇಡ, ಅಲ್ಲಿ ತಂಗಿ ಇದ್ದಾಳೆ. ರಾಜ ಬೇಡ. ಗೋಡೆಯ ಗಡಿಯಾರ ನೋಡಿದಳು, ಅಭ್ಯಾಸಬಲದಿಂದ, ಎರಡೂ ಕಾಲು. ಯಾವ ವ್ಯಾನಿಗೂ ಹೊತ್ತಾಗಿರಲಿಲ್ಲ. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ಒಂದಿನ ಬೆಳಗ್ಗೆ," ಎಂದಳು, "ಅಕ್ಕ ಒಲೆ ಹಚ್ಚಲಿಲ್ಲ."

"ಹೂಂ," ಎಂದವು ಎರಡೂ ಮಂಚಗಳು.